ಮೊಹಲ್ಲಾ ಮಕ್ಕಳಿಗೆ ಚರ್ಚ್ ಯುವಕರ ಬೇಸಿಗೆ ಶಿಬಿರ: ತಯಾರಿ ಹೇಗೆ?

ಪ್ರಶ್ನೆ: ಮೈಸೂರಿನ ಲಷ್ಕರ್ ಮೊಹಲ್ಲಾ ಕಡೆ ಮೇ ತಿಂಗಳಲ್ಲಿ ಒಂದು ವಾರದ ಶಿಬಿರ. ಕನ್ನಡ, ಉರ್ದು, ತಮಿಳು ಮಾತಾಡೋ 40 ಮಕ್ಕಳು ಬರಬಹುದು. ಪೋಷಕರ ಒಪ್ಪಿಗೆ, ತಿಂಡಿ ಹೇಗೆ?

ಉತ್ತರ: ಒಪ್ಪಿಗೆ ಪತ್ರ ಮೂರೂ ಭಾಷೆಯಲ್ಲಿ ಇರಲಿ ಬ್ರದರ್. ಪ್ರಾರ್ಥನೆ, ಬೈಬಲ್ ಕಥೆ ಇದ್ರೆ ಮುಚ್ಚಿಡದೆ ಬರೀರಿ. ಬೇಡ ಅನ್ನೋರ ಮಕ್ಕಳಿಗೆ ಅದೇ ಹೊತ್ತಲ್ಲಿ ಕೇರಂ ಇಡಿ. ಬರೀ ಬಾಯಲ್ಲಿ ಹೇಳಿದ್ರೆ ಅನುಮಾನ ಹುಟ್ಟಿ ಮಕ್ಕಳನ್ನ ಕಳಿಸೋದೇ ನಿಲ್ಲಿಸ್ತಾರೆ.

ಉತ್ತರ: ಹೆಸರುಕಾಳು ಉಸ್ಲಿ ಮಾಡಿ, ಎಲ್ಲರೂ ತಿಂತಾರೆ. ಒಂದೂವರೆ ಕೆಜಿ ಕಾಳು ರಾತ್ರಿಯೇ ನೆನೆಹಾಕಿ. ಕಾಯಿತುರಿ ಬಡಿಸೋ ಹೊತ್ತಿಗೆ ಬೆರೆಸಿ. ಮೊದಲೇ ಹಾಕಿದ್ರೆ ಸೆಕೆಗೆ ಹಳಸುತ್ತೆ.

ಉತ್ತರ: ದಿನಾ ಶಿಬಿರ ಬೆಳಿಗ್ಗೆ 11 ಗಂಟೆಯೊಳಗೆ ಮುಗಿಸಿ, ಆಮೇಲೆ ಬಿಸಿಲು ತಡೆಯಲ್ಲ. ಮುಖ್ಯವಾಗಿ, ಯಾವ ಕೋಣೆಯಲ್ಲೂ ಮಕ್ಕಳ ಜೊತೆ ದೊಡ್ಡವರು ಒಬ್ಬರೇ ಇರಬಾರದು, ಇಬ್ಬರು ಇರಲೇಬೇಕು.