ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ಕೋಡ್ ಓದೋಕೆ ಕಷ್ಟ, ಕನ್ನಡದ ಒತ್ತಕ್ಷರ ಅರ್ಧ ಕಾಣುತ್ತಿಲ್ಲ

ಕಾಫಿತೋಟ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು 14 ಇಂಚಿನ ಹಳೇ ಲ್ಯಾಪ್‌ಟಾಪ್, ಸ್ಕ್ರೀನ್ 1366 × 768. ವಿಂಡೋಸ್, ಕೋಡ್ ಬರೆಯೋಕೆ ವಿಎಸ್ ಕೋಡ್ ಅನ್ನೋ ಎಡಿಟರ್. ಅಮ್ಮನ ಸ್ತ್ರೀಶಕ್ತಿ ಸಂಘದ ಉಳಿತಾಯ, ಸಾಲದ ಲೆಕ್ಕ ಇಡೋಕೆ ಒಂದು ಸಣ್ಣ ವೆಬ್ ಪೇಜ್ ಮಾಡುತ್ತಿದ್ದೇನೆ. ಬಟನ್, ತಲೆಬರಹ, ರಸೀದಿ ಎಲ್ಲ ಕನ್ನಡದಲ್ಲೇ ಇರಬೇಕು.

ತೊಂದರೆ ಏನೆಂದರೆ, "ಸ್ತ್ರೀ" ಅಂತ ಟೈಪ್ ಮಾಡಿದರೆ ಮೇಲಿನ ಸೀ ಕಾಣುತ್ತದೆ, ತ ಒತ್ತು ಕೆಳಗಿನ ಸಾಲಿಗೆ ತಾಗಿಕೊಂಡಿರುತ್ತದೆ, ರ ಒತ್ತು ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಹೋದ ವಾರ "ಒಟ್ಟು ಉಳಿತಾಯ" ಅಂತ ಬರೆಯೋ ಕಡೆ "ಒಟು ಉಳಿತಾಯ" ಅಂತ ಬರೆದುಬಿಟ್ಟಿದ್ದೆ, ಅದು ಕಣ್ಣಿಗೇ ಬೀಳದೆ ಇಪ್ಪತ್ತು ರಸೀದಿ ಹಾಗೇ ಪ್ರಿಂಟ್ ಆಗಿ ಹೋದವು. ಅಮ್ಮ ಏನೂ ಅನ್ನಲಿಲ್ಲ, ಪೆನ್ನು ತಗೊಂಡು ಒಂದೊಂದಕ್ಕೂ ಒತ್ತು ಹಾಕುತ್ತಾ ಕೂತರು. ನನಗೆ ತುಂಬಾ ಬೇಜಾರಾಯಿತು.

ಫಾಂಟ್ 14ರಿಂದ 20ಕ್ಕೆ ಏರಿಸಿ ನೋಡಿದೆ. ಆಗ ಸಾಲು ಬಲಕ್ಕೆ ಓಡಿಹೋಗುತ್ತದೆ, ಒಂದು ಫಂಕ್ಷನ್ ಪೂರ್ತಿ ನೋಡೋಕೂ ಸ್ಕ್ರೋಲ್ ಮಾಡಬೇಕು. ಹೊಸ ಮಾನಿಟರ್ ತಗೊಳ್ಳೋಕೆ ಈಗ ಆಗುವುದಿಲ್ಲ. ಇರುವುದರಲ್ಲೇ ಏನಾದರೂ ದಾರಿ ಇದೆಯಾ?

ಹಳೇಕೀಬೋರ್ಡ್:

ಫಾಂಟ್ ಸೈಜ್ ಆಮೇಲೆ, ಮೊದಲು ಲೈನ್ ಹೈಟ್, ಅಂದರೆ ಒಂದೊಂದು ಸಾಲಿಗೆ ಸಿಗೋ ಎತ್ತರ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಅದು ಸೊನ್ನೆ ಅಂತ ಇರುತ್ತದೆ, ಅಂದರೆ ಫಾಂಟ್ ಸೈಜ್ ನೋಡಿಕೊಂಡು ಎಡಿಟರೇ ಲೆಕ್ಕ ಹಾಕುತ್ತದೆ. ವಿಂಡೋಸ್‌ನಲ್ಲಿ 14ರ ಫಾಂಟಿಗೆ ಒಂದು ಸಾಲಿಗೆ ಸಿಗುವುದು 19 ಪಿಕ್ಸೆಲ್. ಇಂಗ್ಲಿಷಿಗೆ ಅಷ್ಟು ಸಾಕು, ಅದರಲ್ಲಿ ಕೆಳಗೆ ಇಳಿಯುವುದು ಜಿ, ಪಿ, ವೈ ಥರದ ಅಕ್ಷರಗಳ ಬಾಲ ಅಷ್ಟೇ. ನಮ್ಮದಕ್ಕೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು, "ಸ್ತ್ರೀ" ಥರದ್ದಕ್ಕೆ ಎರಡೆರಡು ಒತ್ತು ಬೇಕು. 19ರಲ್ಲಿ ಎಲ್ಲಿ ಹಿಡಿಯುತ್ತದೆ ಹೇಳಿ?

ಫಾಂಟ್ 15, ಲೈನ್ ಹೈಟ್ 1.8 ಹಾಕಿ. 8ಕ್ಕಿಂತ ಕಮ್ಮಿ ಸಂಖ್ಯೆ ಕೊಟ್ಟರೆ ಅದನ್ನು ಫಾಂಟ್ ಸೈಜಿನಿಂದ ಗುಣಿಸುತ್ತದೆ, ಅಂದರೆ 27 ಪಿಕ್ಸೆಲ್ ಸಿಗುತ್ತದೆ. 8 ಅಥವಾ ಜಾಸ್ತಿ ಕೊಟ್ಟರೆ ಅದೇ ನೇರವಾಗಿ ಪಿಕ್ಸೆಲ್.

ಸಾಲುಗಳು ಕಮ್ಮಿ ಕಾಣುತ್ತವೆ, ನಿಜ. ಆ ಜಾಗ ಬೇರೆ ಕಡೆಯಿಂದ ತಗೊಳ್ಳಿ. ಬಲಗಡೆ ಇಡೀ ಫೈಲಿನ ಚಿಕ್ಕ ಚಿತ್ರ ಬರುತ್ತದಲ್ಲ, ಆ ಮಿನಿಮ್ಯಾಪ್ ಸುಮ್ನೆ ಆಫ್ ಮಾಡಿ, 768ರ ಸ್ಕ್ರೀನಿನಲ್ಲಿ ಅದರಿಂದ ಏನೂ ಉಪಯೋಗ ಇಲ್ಲ. ಕಂಟ್ರೋಲ್ ಬಿ ಒತ್ತಿದರೆ ಎಡಗಡೆ ಫೈಲ್ ಪಟ್ಟಿ ಹೋಗುತ್ತದೆ. ಆಲ್ಟ್ ಝಡ್ ಒತ್ತಿದರೆ ಉದ್ದ ಸಾಲು ಮಡಚಿಕೊಳ್ಳುತ್ತದೆ, ಪಕ್ಕಕ್ಕೆ ಸ್ಕ್ರೋಲ್ ಮಾಡೋದು ತಪ್ಪುತ್ತದೆ. ಟಾಸ್ಕ್‌ಬಾರ್ ತಾನಾಗೇ ಮರೆಯಾಗೋ ಹಾಗೆ ಇಟ್ಟುಕೊಳ್ಳಿ.

ರಾಗಿರೊಟ್ಟಿ:

ಮೇಲಿನವರು ಹೇಳಿದ್ದು ಸರಿ. ಫಾಂಟ್ ಬಗ್ಗೆ ನಾನು ಹೇಳುತ್ತೇನೆ. ಫಾಂಟ್ ಫ್ಯಾಮಿಲಿ ಅನ್ನೋ ಕಡೆ ಒಂದೇ ಹೆಸರು ಇರಬೇಕು ಅಂತಿಲ್ಲ, ಕಾಮಾ ಹಾಕಿ ಸಾಲಾಗಿ ಕೊಡಬಹುದು. ಮೊದಲನೆಯದರಲ್ಲಿ ಇಲ್ಲದ ಅಕ್ಷರಕ್ಕೆ ಎರಡನೆಯದನ್ನು ಹುಡುಕುತ್ತದೆ. ನಾನು ಮೊದಲು ಜೆಟ್‌ಬ್ರೈನ್ಸ್ ಮೋನೋ, ಆಮೇಲೆ ನೋಟೋ ಸ್ಯಾನ್ಸ್ ಕನ್ನಡ ಇಟ್ಟಿದ್ದೇನೆ, ಎರಡೂ ಉಚಿತ. ಜೆಟ್‌ಬ್ರೈನ್ಸ್ ಮೋನೋದಲ್ಲಿ ಸಣ್ಣಕ್ಷರಗಳೇ ಎತ್ತರ, ಸೊನ್ನೆಗೂ ಓ ಅಕ್ಷರಕ್ಕೂ, ಒಂದಕ್ಕೂ ಎಲ್ ಅಕ್ಷರಕ್ಕೂ ಗೊಂದಲ ಆಗುವುದಿಲ್ಲ. ಕನ್ನಡ ಫಾಂಟನ್ನು ಮೊದಲು ಇಡಬೇಡಿ, ಅದರೊಳಗಿನ ಇಂಗ್ಲಿಷ್ ಅಕ್ಷರಗಳು ಬಂದು ಕೋಡಿನ ಅಳತೆ ಎಲ್ಲ ಕೆಡುತ್ತದೆ.

ಕನ್ನಡದ ಪದಗಳನ್ನೆಲ್ಲ ಕೋಡಿನಿಂದ ಬೇರೆ ಮಾಡಿ ಒಂದು ಜೇಸನ್ (ಮಾಹಿತಿಯನ್ನು ಪಟ್ಟಿಯ ಹಾಗೆ ಬರೆದಿಡೋ) ಫೈಲಿಗೆ ಹಾಕಿಬಿಡಿ. ಸೆಟ್ಟಿಂಗ್ಸ್‌ನಲ್ಲಿ ಜೇಸನ್‌ಗೆ ಮಾತ್ರ ಬೇರೆ ಲೈನ್ ಹೈಟ್ ಕೊಡೋಕೆ ಬರುತ್ತದೆ, ಅಲ್ಲಿ 2 ಕೊಟ್ಟುಕೊಳ್ಳಿ. ಕೋಡ್ ಫೈಲುಗಳಿಗೆ 1.5 ಸಾಕಾಗುತ್ತದೆ.

ಇನ್ನೊಂದು, ಇದು ದೊಡ್ಡ ಸ್ಕ್ರೀನಿನಲ್ಲೂ ಕಾಣುವುದಿಲ್ಲ. "ಸಂಘ" ಅಂತ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಬಿದ್ದರೆ "ಸ೦ಘ" ಆಗುತ್ತದೆ. ನೋಡೋಕೆ ಎರಡೂ ಒಂದೇ ಅಲ್ವಾ? ಕಂಪ್ಯೂಟರಿಗೆ ಬೇರೆ ಬೇರೆ, ಹುಡುಕಿದರೆ ಸಿಗುವುದಿಲ್ಲ. ಇಡೀ ಪ್ರಾಜೆಕ್ಟಿನಲ್ಲಿ ಕನ್ನಡದ ಸೊನ್ನೆಯನ್ನು ಒಮ್ಮೆ ಹುಡುಕಿ ನೋಡಿ.

ಮಂಜಿನಹಾದಿ:

ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1366 × 768 ಅಂತಲೇ ಇದೆಯಾ ನೋಡಿ. ಅಕ್ಷರ ದೊಡ್ಡದಾಗಲಿ ಅಂತ ರೆಸಲ್ಯೂಷನ್ ಇಳಿಸಿದರೆ ಎಲ್ಲ ಮಸುಕಾಗುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ ಅಂತ ಹುಡುಕಿ, ಅಕ್ಷರಗಳು ಸ್ಪಷ್ಟವಾಗಿ ಕಾಣೋ ಹಾಗೆ ಮಾಡೋ ವಿಂಡೋಸ್ ಸೌಲಭ್ಯ ಅದು. ಅದು ತೋರಿಸುವ ಮಾದರಿಗಳಲ್ಲಿ ನಿಮ್ಮ ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಆರಿಸುತ್ತಾ ಹೋಗಿ. ಹಗಲು ಹೊತ್ತು ಕಿಟಕಿ ಪಕ್ಕ ಕೂರುವುದಾದರೆ ಡಾರ್ಕ್ ಥೀಮ್ ಬೇಡ, ಹಳೇ ಸ್ಕ್ರೀನಿನಲ್ಲಿ ಕಪ್ಪು ಹಿನ್ನೆಲೆ ಮೇಲೆ ಒತ್ತಿನ ತೆಳು ಗೆರೆ ಕಾಣುವುದೇ ಇಲ್ಲ.

ಕಾಫಿತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್! 1.8 ಹಾಕಿದ ತಕ್ಷಣ "ಸ್ತ್ರೀ" ಅನ್ನೋದು, ರ ಒತ್ತಿನ ಬಾಲದ ತನಕ, ಪೂರ್ತಿ ಕಂಡಿತು. ಈಗ ಪದಗಳನ್ನೆಲ್ಲ ಜೇಸನ್‌ಗೆ ಸಾಗಿಸುತ್ತಿದ್ದೇನೆ. ಕನ್ನಡದ ಸೊನ್ನೆ ಹುಡುಕಿದರೆ ಮೂರು ಕಡೆ ಸಿಕ್ಕಿತು, ಅದರಲ್ಲಿ ಒಂದು ಸಂಘದ ಹೆಸರಲ್ಲೇ ಇತ್ತು. ಲೈಟ್ ಥೀಮ್ ನಾಳೆ ಬೆಳಿಗ್ಗೆ ನೋಡುತ್ತೇನೆ, ಈಗ ಕರೆಂಟ್ ಹೋಗಿದೆ.