ಪದ ಬೇಕು: ‘ಇನ್ಫೋಮರ್ಷಿಯಲ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ)

ಸು. ಬರೆದದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಧ್ಯಕ್ಷ ಚುನಾವಣೆಗಳ ಮೇಲಿನ ಒಂದು ಪುಸ್ತಕ ಅನುವಾದ ಮಾಡುತ್ತಿದ್ದೇನೆ. 1992ರ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಪುಟಗಳು ನಾಳೆ ಸಂಜೆ ಅಚ್ಚಿಗೆ ಹೋಗುತ್ತವೆ.

ಸಂದರ್ಭ ಇದು. ಟೆಕ್ಸಸ್‌ನ ಭಾರಿ ಶ್ರೀಮಂತ ರಾಸ್ ಪೆರೋಟ್. ಬೆನ್ನಿಗೆ ಯಾವ ಪಕ್ಷವೂ ಇಲ್ಲ. ಫೆಬ್ರವರಿ 20ರಂದು ಲ್ಯಾರಿ ಕಿಂಗ್ ಅವರ ಟೀವಿ ಮಾತುಕತೆಯಲ್ಲಿ ಕೂತು, ಜನರೇ 50 ರಾಜ್ಯಗಳಲ್ಲೂ ತನ್ನ ಹೆಸರನ್ನು ಮತಪತ್ರಕ್ಕೆ ಏರಿಸಿದರೆ ನಿಲ್ಲುವುದಾಗಿ ಹೇಳಿದರು. ಜುಲೈನಲ್ಲಿ ಹಿಂದೆ ಸರಿದರು. ಅಕ್ಟೋಬರ್ 1ಕ್ಕೆ ಮತ್ತೆ ಬಂದರು. ಆಗ ಮತದಾನಕ್ಕೆ ಐದು ವಾರವೂ ಉಳಿದಿರಲಿಲ್ಲ. ಊರೂರು ಸುತ್ತುವ ಬದಲು ಸ್ವಂತ ದುಡ್ಡು ಕೊಟ್ಟು ಟೀವಿಯಲ್ಲಿ ಅರ್ಧರ್ಧ ಗಂಟೆ ಕೊಂಡುಕೊಂಡರು. ಮೊದಲನೆಯದು ಅಕ್ಟೋಬರ್ 6ರಂದು. ಮೇಜಿನ ಹಿಂದೆ ಕೂತು, ರಟ್ಟಿನ ಚಾರ್ಟುಗಳನ್ನು ಕೋಲಿನಿಂದ ತೋರಿಸುತ್ತಾ ದೇಶದ ಸಾಲದ ಲೆಕ್ಕ ಹೇಳಿದರು. 1.6 ಕೋಟಿಗೂ ಹೆಚ್ಚು ಜನ ಕೂತು ನೋಡಿದರು!

ಇದನ್ನು ಅಲ್ಲಿನ ಪತ್ರಿಕೆಗಳು ಇನ್ಫೋಮರ್ಷಿಯಲ್ ಎಂದವು, ಇನ್ಫರ್ಮೇಷನ್, ಕಮರ್ಷಿಯಲ್ ಎರಡನ್ನೂ ಬೆಸೆದ ಪದ. ನನಗೆ ಉಪಶೀರ್ಷಿಕೆಗೆ ಬೇಕು, ಎರಡು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ‘ಮಾಹಿತಿ ಜಾಹೀರಾತು’ ಅಂತ ಬರೆದೆ, ಸರಕಾರಿ ಪ್ರಕಟಣೆ ಥರ ಕೇಳಿಸಿತು. ‘ಪ್ರಾಯೋಜಿತ ಕಾರ್ಯಕ್ರಮ’ ಅಂದರೆ ಕಾರ್ಯಕ್ರಮ ಒಬ್ಬರದು, ದುಡ್ಡು ಇನ್ನೊಬ್ಬರದು. ಇಲ್ಲಿ ಎರಡೂ ಒಬ್ಬರದೇ.

ನಾ. ಬರೆದದ್ದು:

ತಿಳಿಸಾರಿಕೆ.

ತಿಳಿ, ಸಾರು, ಎರಡೂ ನಮ್ಮ ನುಡಿಯವೇ. ಸಾರುವುದು ಎಂದರೆ ಊರಿಗೆಲ್ಲ ಕೇಳುವಂತೆ ಹೇಳುವುದು. ಎರಡು ಪದ ಯಾಕೆ, ಒಂದೇ ಸಾಕು. ಸಕ್ಕದಕ್ಕೂ (ಸಂಸ್ಕ್ರುತ) ಇಂಗ್ಲಿಶಿಗೂ ಕೈ ಒಡ್ಡುವ ಅಬ್ಯಾಸ ಬಿಟ್ಟರೆ ಇಂತವು ತಾವಾಗಿ ಹುಟ್ಟುತ್ತವೆ.

ಬಿ.ವಿ. ಬರೆದದ್ದು:

ನಾ. ಅವರೇ, ತಿಳಿಸಾರಿಕೆ ಅಂತ ಓದಿದವರು ತಟ್ಟೆ ಹುಡುಕುತ್ತಾರೆ. ಅನ್ನಕ್ಕೆ ಕಲಸಿಕೊಳ್ಳುವ ಪದವನ್ನು ಚುನಾವಣೆಗೆ ತರಬೇಡಿ.

ಸು. ಅವರೇ, ನಾನು ಸುದ್ದಿಮನೆಯಲ್ಲಿ ಬಹಳ ಕಾಲ ಶೀರ್ಷಿಕೆ ಕೊಟ್ಟವನು. ಪದವನ್ನು ಬಿಡಿಸಿ ಅನುವಾದ ಮಾಡಬೇಡಿ. ಜನಕ್ಕೆ ಅಚ್ಚರಿ ಆಗಿದ್ದು ಎಲ್ಲಿ ಅಂತ ನೋಡಿ. ಚುನಾವಣಾ ಜಾಹೀರಾತು ಅಂದರೆ 30 ಸೆಕೆಂಡು, ಹೆಚ್ಚೆಂದರೆ ಒಂದು ನಿಮಿಷ ಅಂತ ಒಗ್ಗಿಹೋಗಿದ್ದವರ ಮುಂದೆ ಈ ಮನುಷ್ಯ 30 ನಿಮಿಷ ಕೂತ. ‘ಅರ್ಧಗಂಟೆಯ ಜಾಹೀರಾತು’. ಎರಡೇ ಪದ. ಮುಗೀತು.

ಅಂದಹಾಗೆ ಪೆರೋಟ್ ಅಲ್ಲ, ಪೆರೋ. ಕೊನೆಯ ಟಕಾರ ಉಚ್ಚಾರಣೆಯಲ್ಲಿಲ್ಲ.

ಕೆ.ಜಿ. ಬರೆದದ್ದು:

ಮುಗಿದಿಲ್ಲ. ಅರ್ಧ ಗಂಟೆ ಕೊಳ್ಳುವುದು ಪೆರೋ ಕಂಡುಹಿಡಿದದ್ದಲ್ಲ. 1952ರ ಸೆಪ್ಟೆಂಬರ್‌ನಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ನಿಕ್ಸನ್, ಬೆಂಬಲಿಗರಿಂದ ಗುಟ್ಟಾಗಿ ಹಣದ ನಿಧಿ ಪಡೆದರೆಂಬ ಆರೋಪಕ್ಕೆ ಉತ್ತರ ಕೊಟ್ಟು, ಮಕ್ಕಳಿಗೆ ಉಡುಗೊರೆ ಬಂದ ನಾಯಿಮರಿಯ ಕಥೆ ಹೇಳಿದ್ದೂ ಕೊಂಡ ಅರ್ಧ ಗಂಟೆಯಲ್ಲೇ. 1964ರಲ್ಲಿ ಅಧ್ಯಕ್ಷ ಅಭ್ಯರ್ಥಿ ಗೋಲ್ಡ್‌ವಾಟರ್ ಪರವಾಗಿ ರೇಗನ್ ಮಾತಾಡಿದ್ದೂ ಹಾಗೇ. ಅವಕ್ಕೆ ಯಾರೂ ಇನ್ಫೋಮರ್ಷಿಯಲ್ ಅನ್ನಲಿಲ್ಲ. ಆದ್ದರಿಂದ ಉದ್ದ ಲಕ್ಷಣವಲ್ಲ.

ಇನ್ನು ‘ಮಾಹಿತಿ’. ಇದನ್ನು ಸಂಸ್ಕೃತ ಎಂದು ನಂಬಿದವರೇ ಜಾಸ್ತಿ. ಅಲ್ಲ. ಅರಬ್ಬಿಯಿಂದ ಹೊರಟು ಮರಾಠಿ ದಾಟಿ ಬಂದದ್ದು. ‘ಜಾಹೀರಾತು’ ಕೂಡ ಅದೇ ದಾರಿಯದ್ದು. ‘ಮಾಹಿತಿ ಜಾಹೀರಾತು’ ಬರೆದು ಅಚ್ಚಗನ್ನಡ ಬರೆದೆ ಅಂದುಕೊಳ್ಳುವವರಿಗೆ ಇದು ಗೊತ್ತಿರಲಿ. ಮತ್ತೆ ಯಾರಾದರೂ ‘ಸುದ್ದಿಜಾಹೀರಾತು’ ಎಂದು ಬೆಸೆದುಕೊಂಡು ಬರುವ ಮುಂಚೆ ಹೇಳುತ್ತೇನೆ: ಅರಿಸಮಾಸ.

ಬಿ.ವಿ. ಬರೆದದ್ದು:

ಮೇಷ್ಟ್ರೇ, ಇನ್ನೂ ಯಾರೂ ಮಾಡದ ತಪ್ಪಿಗೆ ಅಂಕ ಕಳೆಯುತ್ತಿದ್ದೀರಿ. ಅರಿಸಮಾಸ ಅಂದರೆ ಕನ್ನಡಕ್ಕೆ ಸಂಸ್ಕೃತ ಕೂಡಿಸಿದರೆ ಬರುವ ದೋಷ. ಜಾಹೀರಾತು ಅರಬ್ಬಿ ಅಂತ ಈಗ ತಾನೇ ನೀವೇ ಹೇಳಿದಿರಿ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಬಿರುದುಗಳಿಗಾದರೂ ವಿನಾಯಿತಿ ಕೊಟ್ಟಿದ್ದ. ನೀವು ಅದನ್ನೂ ಕೊಡುವುದಿಲ್ಲ.

ಸು. ಬರೆದದ್ದು:

ಕೆ.ಜಿ. ಮೇಷ್ಟ್ರು ಹೇಳಿದ್ದರಲ್ಲಿ ಒಂದು ಎಳೆ ಸಿಕ್ಕಿತು. ಥ್ಯಾಂಕ್ಸ್.

ನಿಕ್ಸನ್ ಕಾಲದಲ್ಲಿ ಈ ಪದವೇ ಇರಲಿಲ್ಲ. ಟೀವಿಯಲ್ಲಿ ಜಾಹೀರಾತಿಗೆ ಇಷ್ಟೇ ಹೊತ್ತು ಎನ್ನುವ ಮಿತಿಯನ್ನು ಅಮೆರಿಕದ ಪ್ರಸಾರ ಆಯೋಗ 1984ರಲ್ಲಿ ತೆಗೆದುಹಾಕಿತು. ಆಮೇಲೆ ನಡುರಾತ್ರಿಯ ಹೊತ್ತು ಅಗ್ಗಕ್ಕೆ ಕೊಂಡು, ಅರ್ಧ ಗಂಟೆ ಒಂದೇ ಸಮನೆ ಅಡುಗೆ ಸಾಮಾನು, ವ್ಯಾಯಾಮದ ಯಂತ್ರ ಮಾರುವವರು ಹುಟ್ಟಿಕೊಂಡರು. ಇನ್ಫೋಮರ್ಷಿಯಲ್ ಅಂದರೆ ಜನಕ್ಕೆ ನೆನಪಾಗುತ್ತಿದ್ದದ್ದು ಅದು. ಅಧ್ಯಕ್ಷನಾಗಲು ಹೊರಟವನ ಮಾತಿಗೆ ಆ ಹೆಸರು ಅಂಟಿಸಿದ್ದರಲ್ಲಿ ಒಂದು ಕುಟುಕು ಇದೆ, ಅಲ್ವಾ? ‘ಮಾಹಿತಿ ಜಾಹೀರಾತು’ ಯಾಕೆ ಸಪ್ಪೆ ಅನಿಸಿತು ಅಂತ ಈಗ ಗೊತ್ತಾಯಿತು. ಅದರಲ್ಲಿ ಮಾಹಿತಿ ಇದೆ, ಜಾಹೀರಾತೂ ಇದೆ, ಸಂತೆ ಇಲ್ಲ.

ಆದರೆ ತಮಾಷೆ ನೋಡಿ, ಪೆರೋ ಮಾರುವವರ ಥರ ಕೂಗಲೇ ಇಲ್ಲ. ಪಾಠ ಮಾಡಿದರು. ಅವರ ಚಿಕ್ಕ ಜಾಹೀರಾತುಗಳಲ್ಲಿ ಅವರ ಮುಖವೇ ಇಲ್ಲದವೂ ಇದ್ದವು. ಪರದೆಯ ಮೇಲೆ ಅಕ್ಷರ ಮೇಲಕ್ಕೆ ಸರಿಯುತ್ತದೆ, ಒಂದು ದನಿ ಅದನ್ನು ಓದುತ್ತದೆ, ಅಷ್ಟೆ.

ಬಿ.ವಿ. ಬರೆದದ್ದು:

ಹಾಗಾದರೆ ‘ಪ್ರಚಾರ ಪಾಠ’? ಕೋಲು ಹಿಡಿದಿದ್ದರಲ್ಲ.

ಸು. ಬರೆದದ್ದು:

ಚೆನ್ನಾಗಿದೆ, ಆದರೆ ದುಡ್ಡು ಕೊಟ್ಟದ್ದು ಅದರಲ್ಲಿ ಕಾಣುವುದಿಲ್ಲ. ಪಕ್ಷದ ಕಾರ್ಯಕರ್ತರ ತರಬೇತಿ ಅಂದುಕೊಂಡುಬಿಡುತ್ತಾರೆ.

ನಾ. ಬರೆದದ್ದು:

ಪ್ರಚಾರ ಸಕ್ಕದ. ಪಾಠ ಸಕ್ಕದ. ಅದ್ಯಕ್ಶ ಸಕ್ಕದ. ಚುನಾವಣೆ ಹಿಂದಿಯ ಚುನಾವ್‌ಗೆ ಬಾಲ ಅಂಟಿಸಿದ್ದು. ಇನ್ನು ಕನ್ನಡ ಎಲ್ಲಿ ಉಳಿಯಿತು? ‘ದ’ ಮತ್ತು ‘ಗೆ’ ಮಾತ್ರವೇ?

ಬಿ.ವಿ. ಬರೆದದ್ದು:

ಹೌದು, ಅಲ್ಲೇ ಉಳಿದಿದೆ. ‘ಟೀವಿಗೆ’, ‘ಚಾರ್ಟಿನ’, ‘ಚುನಾವಣೆಯಲ್ಲಿ’. ಬಂದ ನೆಂಟನಿಗೆ ನಮ್ಮ ಬಟ್ಟೆ ಉಡಿಸಿ ಕೂರಿಸಿದ್ದೇವೆ. ನುಡಿ ಬದುಕುವುದೇ ಹಾಗೆ. ನಿಮ್ಮ ಮೊದಲ ಪತ್ರದಲ್ಲೇ ‘ಅಬ್ಯಾಸ’ ಇದೆ. ಭ ಬಿಟ್ಟು ಬ ಬರೆದ ಮಾತ್ರಕ್ಕೆ ಅದು ಕನ್ನಡ ಆಗಿಬಿಡುತ್ತದೆಯೇ?

ಕೆ.ಜಿ. ಬರೆದದ್ದು:

ಬಿ.ವಿ. ಅವರ ನೆಂಟರು ಊಟ ಮುಗಿಸಿ ಹೋಗುವವರಲ್ಲ. ಮನೆಯವರನ್ನೇ ಹೊರಗೆ ಹಾಕುತ್ತಾರೆ. ‘ಓಲೆ’ ಎಲ್ಲಿ ಹೋಯಿತು? ‘ಅರಿಕೆ’ಯನ್ನು ಇವತ್ತು ಯಾರು ಬಳಸುತ್ತಾರೆ? ನಾ. ಅವರ ಪದ ನನಗೆ ಒಪ್ಪಿಗೆಯಿಲ್ಲ, ದುಃಖ ಒಪ್ಪಿಗೆ.

ಸು. ಬರೆದದ್ದು:

ದಯವಿಟ್ಟು. ನಾಳೆ ಸಂಜೆ.

ನಾ. ಅವರಿಗೆ ಸಮಾಧಾನಕ್ಕೆ ಒಂದು ವಿಷಯ. ಅಕ್ಟೋಬರ್ 15ರಂದು ಅಭ್ಯರ್ಥಿಗಳ ನಡುವಿನ ಟೀವಿ ವಾದದಲ್ಲಿ ಪೆರೋ, ಮೆಕ್ಸಿಕೋ ಜೊತೆ ವ್ಯಾಪಾರ ಒಪ್ಪಂದ ಆದರೆ ಕೆಲಸಗಳೆಲ್ಲ ದಕ್ಷಿಣಕ್ಕೆ ಹೀರಿಹೋಗುವ ದೊಡ್ಡ ಸದ್ದು ಕೇಳುತ್ತದೆ ಎಂದರು. ಆ ಮಾತು ಅಲ್ಲಿ ನುಡಿಗಟ್ಟೇ ಆಗಿಹೋಯಿತು. ಅದಕ್ಕೆ ನಾನು ಬರೆದದ್ದು: ‘ಸೊರ್ರನೆ ಹೀರುವ ಸದ್ದು’. ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ. ಸದ್ದಿಗೆ ನಮ್ಮಲ್ಲಿ ಪದ ಇದೆ. ಸರಕಿಗೆ ಇಲ್ಲ.

ನಾ. ಬರೆದದ್ದು:

ಸೊರ್ರನೆ ಚೆನ್ನಾಗಿದೆ. ತಿಳಿಸಾರಿಕೆಯೂ ಚೆನ್ನಾಗಿದೆ. ನಗುವವರು ನಗಲಿ.

ಬಿ.ವಿ. ಬರೆದದ್ದು:

ಸಾರನ್ನೂ ಸೊರ್ರನೆಯೇ ಕುಡಿಯುವುದು.

ಸು. ಬರೆದದ್ದು:

ಪುಟ ಕಳಿಸಿದೆ. ಉಪಶೀರ್ಷಿಕೆಗೆ ‘ಅರ್ಧಗಂಟೆಯ ಜಾಹೀರಾತು’. ಒಳಗೆ ಒಂದು ಸಲ ಇನ್ಫೋಮರ್ಷಿಯಲ್ ಎಂದೇ ಬರೆದು, ನಡುರಾತ್ರಿ ಸಾಮಾನು ಮಾರುವವರ ಬಗ್ಗೆ ಎರಡು ಸಾಲು ಹಾಕಿದೆ. ಉದ್ದ ಲಕ್ಷಣವಲ್ಲ ಅನ್ನುವ ಮೇಷ್ಟ್ರ ಮಾತು ಸರಿ, ಆದರೆ ಓದುಗ ನಿಕ್ಸನ್ ಅಧ್ಯಾಯ ದಾಟಿಯೇ ಇಲ್ಲಿಗೆ ಬರುತ್ತಾನೆ, ಹೋಲಿಸಿಕೊಳ್ಳಲಿ. ಪೆರೋಟ್ ಇದ್ದಲ್ಲೆಲ್ಲ ಪೆರೋ ಮಾಡಿದೆ, 41 ಕಡೆ.

ಕುತೂಹಲ ಇದ್ದವರಿಗೆ: ಪೆರೋ ಗೆಲ್ಲಲಿಲ್ಲ. ನೂರಕ್ಕೆ 18.9 ಮತ ಬಂತು, ಒಂದು ರಾಜ್ಯವೂ ಸಿಗಲಿಲ್ಲ.

ಕೆ.ಜಿ. ಬರೆದದ್ದು:

‘ಜಾಹೀರಾತು’ವಿನಲ್ಲಿ ಹೀ ದೀರ್ಘ ಯಾಕೆ? ಮೂಲದಲ್ಲಿ ಹ್ರಸ್ವ. ಅಚ್ಚಾಗುವ ಮುಂಚೆ ನೋಡಿಕೊಳ್ಳಿ.