ಫಿಲಿಪೀನ್ಸಿಗೆ ಪಿ-ಎಚ್, ಫಿಲಿಪಿನೋಗೆ ಎಫ್: ಯಾಕೆ ಹೀಗೆ?

ಪಕ್ಕದ ಮನೆಯ ಹುಡುಗಿ ಡಾಕ್ಟರ್ ಓದಲು ಫಿಲಿಪೀನ್ಸಿಗೆ ಹೊರಟಿದ್ದಾಳೆ. ಅರ್ಜಿಯ ಜೊತೆ ಇಡೋಕೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದುಕೊಡಿ ಅಂಕಲ್ ಅಂದಳು. ಬರೆದುಕೊಟ್ಟೆ. ಅದರಲ್ಲಿ ‘ಫಿಲಿಪಿನೋ ಭಾಷೆ ಕಲಿಯುತ್ತಿದ್ದೇನೆ’ ಅಂತ ಒಂದು ಸಾಲು ಇತ್ತು. ದೇಶದ ಹೆಸರು ಪಿ-ಎಚ್‌ನಿಂದ ಶುರುವಾಗುತ್ತದಲ್ಲ, ಇದೂ ಹಾಗೇ ಇರಬೇಕು ಅಂತ ಪಿ-ಎಚ್ ಹಾಕಿದ್ದೆ. ಅವಳು ನೋಡಿದವಳೇ ‘ಅಂಕಲ್, ಇದಕ್ಕೆ ಎಫ್ ಬರಬೇಕು’ ಅಂದಳು. ನಿಘಂಟು ತೆಗೆದು ನೋಡಿದರೆ ಅವಳೇ ಸರಿ.

ಕನ್ನಡದಲ್ಲಿ ಈ ತಾಪತ್ರಯ ಇಲ್ಲ, ಎರಡಕ್ಕೂ ಒಂದೇ ‘ಫಿ’. ಅದಕ್ಕೇ ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅನ್ನಿಸುತ್ತದೆ.

ಆಮೇಲೆ ಸುಮ್ನೆ ಕೂರಲಾಗದೆ ಹುಡುಕಿದೆ. 1543ರಲ್ಲಿ ವಿಲ್ಯಲೋಬೋಸ್ ಎಂಬ ಸ್ಪೇನಿನ ನಾವಿಕ ಅಲ್ಲಿನ ದ್ವೀಪಗಳಿಗೆ ತನ್ನ ರಾಜಕುಮಾರ ಫೆಲಿಪೆಯ ಹೆಸರಿಟ್ಟ. ಆ ಫೆಲಿಪೆಯೇ ಮುಂದೆ ದೊರೆ ಎರಡನೆಯ ಫಿಲಿಪ್ ಆದದ್ದು. ಸ್ಪ್ಯಾನಿಷ್‌ನಲ್ಲಿ ಪಿ-ಎಚ್ ಗೊಡವೆ ಇಲ್ಲ, ಫೋಟೋ, ಟೆಲಿಫೋನ್‌ಗೂ ಅವರು ಎಫ್ ಬರೆಯುತ್ತಾರೆ, ಅಕ್ಷರ ಜೋಡಿ ಮಾಡುವುದೂ ಕಡಿಮೆ. ಇಂಗ್ಲಿಷಿನವರು ಏನು ಮಾಡಿದರು ಅಂದರೆ, ದೇಶದ ಹೆಸರನ್ನು ತಮ್ಮ ‘ಫಿಲಿಪ್’ನ ದಾರಿಯಲ್ಲಿ ಪಿ-ಎಚ್ ಹಾಕಿ ಬರೆದುಕೊಂಡರು, ಜನರ ಹೆಸರನ್ನು ಮಾತ್ರ ಸ್ಪ್ಯಾನಿಷ್‌ನಿಂದ ಇದ್ದ ಹಾಗೇ ಎತ್ತಿಕೊಂಡರು. ಒಂದೇ ಬೇರಿನ ಪದ ಎರಡು ಬಾಗಿಲಿನಿಂದ ಒಳಗೆ ಬಂದಿದೆ, ಅಷ್ಟೇ.

ಎಲ್ ಎಷ್ಟು, ಪಿ ಎಷ್ಟು ಅನ್ನುವುದು ಇನ್ನೊಂದು ತಲೆನೋವು. ಎಲ್ ಎರಡರಲ್ಲೂ ಒಂದೇ. ದೇಶದ ಹೆಸರಿನ ನಡುವೆ ಪಿ ಎರಡು, ಜನರ ಹೆಸರಿನಲ್ಲಿ ಒಂದು. ನಾನು ನೆನಪಿಟ್ಟುಕೊಂಡಿರುವುದು ಹೀಗೆ: ಫಿಲಿಪ್ ಮೂಲದಲ್ಲಿ ಗ್ರೀಕ್ ಹೆಸರು, ಕುದುರೆಯನ್ನು ಪ್ರೀತಿಸುವವನು ಅಂತ ಅರ್ಥ. ಗ್ರೀಕಿನಲ್ಲಿ ಕುದುರೆ ‘ಹಿಪ್ಪೊಸ್’, ನಮ್ಮ ಮೃಗಾಲಯದ ಹಿಪ್ಪೊಪೊಟಮಸ್‌ನಲ್ಲಿ ಇರುವುದೂ ಅದೇ. ಆ ಜೋಡಿ ಪಿ ಕುದುರೆಯದು.

ಅಲ್ಲಿನ ಟಗಾಲೊಗ್ ಭಾಷೆಯಲ್ಲಿ ಮೊದಲು ಎಫ್ ಸದ್ದೇ ಇರಲಿಲ್ಲವಂತೆ! ನಮ್ಮಲ್ಲಿ ಪೋನು, ಕಾಪಿ ಅಂದ ಹಾಗೆ ಅವರು ತಮ್ಮ ದೇಶವನ್ನು ಇವತ್ತಿಗೂ ‘ಪಿಲಿಪಿನಾಸ್’ ಅನ್ನುತ್ತಾರೆ. 1959ರಲ್ಲಿ ರಾಷ್ಟ್ರಭಾಷೆಗೆ ಇಟ್ಟ ಹೆಸರೂ ‘ಪಿಲಿಪಿನೋ’. 1987ರ ಸಂವಿಧಾನದಲ್ಲಿ ಅದು ‘ಫಿಲಿಪಿನೋ’ ಆಯಿತು.

ಬಳಕೆಯಲ್ಲೂ ಒಂದು ಸೂಕ್ಷ್ಮ ಇದೆ. ಜನ, ಭಾಷೆ, ಅಡುಗೆ ಇವಕ್ಕೆ ಫಿಲಿಪಿನೋ. ಸರ್ಕಾರ, ರಾಯಭಾರ ಕಚೇರಿ, ಅಲ್ಲಿನ ದುಡ್ಡು ಪೆಸೊ, ಇಂಥವಕ್ಕೆ ಜಾಸ್ತಿ ಬಳಸುವುದು ಪಿ-ಎಚ್‌ನ ‘ಫಿಲಿಪೀನ್’, ಕೊನೆಯ ಎಸ್ ಬಿಟ್ಟು. ಹೆಂಗಸಾದರೆ ‘ಫಿಲಿಪಿನಾ’. (ಅಫ್ಘಾನಿಸ್ತಾನದ್ದೂ ಇಂಥದ್ದೇ ಕತೆ. ಅಲ್ಲಿನ ಮನುಷ್ಯ ಅಫ್ಘನ್, ‘ಅಫ್ಘಾನಿ’ ಅಲ್ಲಿನ ದುಡ್ಡು. ಮನುಷ್ಯನನ್ನು ಅಫ್ಘಾನಿ ಅಂದರೆ ನಮ್ಮನ್ನು ರೂಪಾಯಿ ಅಂತ ಕರೆದ ಹಾಗಲ್ವಾ?)

ಈಗ ನನ್ನ ಪ್ರಶ್ನೆ. ಕನ್ನಡ ಪತ್ರಿಕೆಗಳಲ್ಲಿ ‘ಫಿಲಿಪೈನ್ಸ್’, ‘ಫಿಲಿಪ್ಪೀನ್ಸ್’ ಎರಡೂ ನೋಡಿದ್ದೇನೆ. ಇಂಗ್ಲಿಷಿನಲ್ಲಿ ಹೇಳುವುದು ‘ಪೀನ್ಸ್’ ಅಂತಲೇ. ‘ಪೈನ್ಸ್’ ಅನ್ನುವುದು ಸ್ಪೆಲ್ಲಿಂಗ್ ನೋಡಿ ಓದಿಕೊಂಡದ್ದು ಅಂತ ನನ್ನ ಅನುಮಾನ. ಆದರೆ ಅದೇ ರೂಢಿಯಾಗಿಬಿಟ್ಟಿದ್ದರೆ ಹಾಗೇ ಬಿಡಬೇಕಾ, ತಿದ್ದಬೇಕಾ? ಇನ್ನೊಂದು, ಕನ್ನಡದಲ್ಲಿ ಫಿಲಿಪಿನೋ, ಫಿಲಿಪಿನಾ ಅಂತ ಗಂಡು ಹೆಣ್ಣು ಬೇರೆ ಮಾಡುವ ಅಗತ್ಯ ಇದೆಯಾ? ಜಪಾನಿನವರು, ನೇಪಾಳದವರು ಅನ್ನುವಂತೆ ‘ಫಿಲಿಪೀನ್ಸಿನವರು’ ಅಂದರೆ ಎಲ್ಲರೂ ಬಂದರು ಅಂತ ನನಗನ್ನಿಸುತ್ತದೆ. ಭಾಷೆಯ ಹೆಸರು ಮಾತ್ರ ಫಿಲಿಪಿನೋ ಅಂತಲೇ ಇರಲಿ. ಅನುವಾದ ಮಾಡುವವರು, ಪತ್ರಿಕೆಯಲ್ಲಿ ಕೆಲಸ ಮಾಡುವವರು ನೀವು ಹೇಗೆ ಬರೆಯುತ್ತೀರಿ?